ಕಂಬಳಿ ಹೊತ್ತು ಸಿಲೋನಿಗೆ

ಮಧುಗಿರಿ

ಆ ದಿನ ಬೀದಿಯಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದೆವು. ಕಂಬಳಿ ನೇಯುವವರ ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ ಬೇಯಿಸಿದರೆ ಅಂಟಾದ ಗಂಜಿ ಬರುತ್ತದೆ. ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ ಅದನ್ನು ಕುಂಚದಿಂದ ಬಳಿಯುತ್ತಾ ಹೋಗಬೇಕು. ಬಿಸಿಲಿಗೆ ಒಣಗಿದ ಮೇಲೆ ಎಳೆ ತಂತಿಯ ಹಾಗೆ ನಿಲ್ಲುತ್ತದೆ. ಆ ದಿನ ಗಂಜಿ ತೆಳ್ಳಗಾಯಿತೆಂದು ನಾನು ಅವ್ವನ ಮೇಲೆ ರೇಗಿದ್ದೆ. ಅದಕ್ಕಿಂತ ದೊಡ್ಡ ಸಂಗತಿ ಅವತ್ತು ನಮ್ಮ ಮನೆಯಲ್ಲಿ ಯಾವುದೂ ಇರಲಿಲ್ಲ.

ತಮ್ಮ ಬೀರಣ್ಣ ಜಗಲಿಯ ಮೇಲೆ ಹೊರೆ ಕಟ್ಟುತ್ತಿದ್ದ. ಚಳಿ ಬೀಳುವ ಮುಂಚೆ ಪಾವಗಡದ ಕಡೆ, ನಿಡುಗಲ್ಲಿನ ಸುತ್ತಿನ ಹಳ್ಳಿಗಳಲ್ಲಿ ಕಂಬಳಿ ಮಾರಿ ಬರುವುದು ಅವನ ಪಾಲಿನ ಕೆಲಸ. ಅವನು ದೊಡ್ಡವನಾಗುವ ತನಕ ಆ ಕಡೆಗೂ ನಾನೇ ಹೋಗುತ್ತಿದ್ದೆ, ಆಮೇಲೆ ಶಿರಾ, ಕೊರಟಗೆರೆ ಸಂತೆಗಳು ನನ್ನವಾದವು. ಮಾರುವ ಕಂಬಳಿಗಳ ಜೊತೆ ಅವನು ಹೊದೆಯುವ ಕಂಬಳಿ ಸೇರಿಹೋಗಬಾರದೆಂದು ಅವ್ವ ಅದರ ಒಂದು ಮೂಲೆಗೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದಳು. ಅದು ಕುರಿಮರಿಯ ಮೊದಲ ಉಣ್ಣೆಯದು, ಅವಳೇ ನೂತದ್ದು.

"ಲೇ ಬೀರ, ಯಾವನಾದ್ರೂ ಆಸೆ ತೋರಿಸ್ದ ಅಂತ ಇದ್ನೂ ಮಾರ್ಬುಟ್ಟು ಬಂದೀಯ" ಎಂದಳು.

"ಮಾರಿದ್ರೆ ಏನವ್ವಾ, ಇನ್ನೊಂದು ನೂತ್ಕೊಡಾಕಿಲ್ವಾ?"

"ಇನ್ನೊಂದು ನೂಲಾದು ನಿನ್ ಹೆಂಡ್ತೀಗೆ ಕಣ್ಲಾ. ಮೊದ್ಲು ಅವ್ಳನ್ನ ಹುಡುಕ್ಕಂಡು ಬಾ."

ಅವನು ನಗುತ್ತಾ ನೂಲಿನ ಕೆಳಗೆ ಬಗ್ಗಿ ದಾಟಿಕೊಂಡು ಹೋದ. ತಲೆಗೆ ಗಂಜಿ ಮೆತ್ತಿಕೊಂಡಿತ್ತು. ಒರೆಸಿಕೊಳ್ಳಲಿಲ್ಲ.

ಗಡಿಯ ಒಂದು ಊರಿನಲ್ಲಿ ಯಾರದೋ ಮನೆಗೆ ಕನ್ನ ಬಿದ್ದಿತ್ತಂತೆ. ಹೊರೆ ಹೊತ್ತ ಪರಸ್ಥಳದವನು ಇವನೊಬ್ಬ ಸಿಕ್ಕಿದ. ಠಾಣೆಗೆ ಕರೆದುಕೊಂಡು ಹೋದರು. ಆ ಠಾಣೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ದಾರಿಯಲ್ಲಿ ನಮ್ಮ ಕೇರಿಯವರು ಈಗಲೂ ಕಂಬಳಿ ಹೊತ್ತು ಓಡಾಡುತ್ತಾರೆ. ಕೆಲವು ದಿನಗಳ ಮೇಲೆ ಒಬ್ಬ ಪೋಲೀಸಿನವನು ನಮ್ಮ ಬಾಗಿಲಿಗೆ ಬಂದು, "ನಿಮ್ ಹುಡ್ಗ ವಾಂತಿಭೇದಿ ಆಗಿ ಹೋಗ್ಬುಟ್ಟ. ಅಂಟುಜಾಡ್ಯ ಅಂತ ಅಲ್ಲೇ ಮಣ್ ಮಾಡಿಸಿದ್ವಿ" ಎಂದ. ಗಾಡಿ ಕಟ್ಟಿಕೊಂಡು ಹೋದೆವು. ಕೆರೆ ಏರಿಯ ಕೆಳಗೆ ನಾವು ಕಂಡದ್ದು ಹೊಸ ಮಣ್ಣನ್ನು ಮಾತ್ರ. ಮಾರುವ ಹೊರೆ, ಪಂಚೆ, ರುಮಾಲು, ಎಲೆಅಡಿಕೆ ಚೀಲ ಕೊಟ್ಟರು. ಅವನು ಹೊದೆಯುವ ಕಂಬಳಿ ಕೊಡಲಿಲ್ಲ.

ಅವ್ವ ಅತ್ತದ್ದಕ್ಕಿಂತ ಹೆಚ್ಚು ಆ ಕಂಬಳಿಯನ್ನು ಕೇಳಿದಳು. "ವಾಂತಿಭೇದಿ ಆದೋನು ಹೊದ್ದಿದ್ದನ್ನ ನಂಗೆ ತೋರ್ಸಿ. ನಾನ್ ನೂತಿದ್ದು ಅದು. ತೊಳೆದಿದ್ರೂ ಅದ್ರಾಗೆ ಏನಿತ್ತು ಅಂತ ನಂಗೆ ಗೊತ್ತಾಯ್ತದೆ. ವಾಂತಿನೋ, ರಕ್ತಾನೋ." ಅವಳಿಗೆ ಬೇಕಾದದ್ದು ಅಷ್ಟೇ. ನಾನು ಠಾಣೆಗೆ ಹೋಗಿ ಕೇಳಿದೆ. ಮಹಜರಿನಲ್ಲಿ ಹೊದೆಯುವ ಕಂಬಳಿ ಇಲ್ಲ, ಮಹಜರಿನಲ್ಲಿ ಇಲ್ಲದ್ದನ್ನು ಎಲ್ಲಿಂದ ಕೊಡುವುದು ಎಂದರು. ಮಹಜರು ಎಂದರೆ ಊರಿನ ನಾಲ್ಕು ಜನರನ್ನು ಪಂಚರೆಂದು ನಿಲ್ಲಿಸಿ, ಅವರೆದುರು ಕಂಡದ್ದನ್ನೆಲ್ಲ ಬರೆದು, ಅವರಿಂದ ರುಜುವನ್ನೋ ಹೆಬ್ಬೆಟ್ಟನ್ನೋ ಪಡೆಯುವ ಕಾಗದ. ಕಂಬಳಿ ಮಾರುವವನು ತಾನು ಹೊದೆಯಲು ಒಂದು ಕಂಬಳಿ ಇಲ್ಲದೆ ತಿರುಗುತ್ತಿದ್ದನೆಂದು ಆ ಕಾಗದ ಹೇಳುತ್ತಿತ್ತು.

ಪಂಚರಲ್ಲಿ ಒಬ್ಬ ಮುದುಕನನ್ನು ಅವನ ಹೊಲದಲ್ಲೇ ಹಿಡಿದು ಕೇಳಿದೆ. ಆ ಕಡೆಯವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. "ಏಮ್ ಚೆಪ್ಪೇದಪ್ಪಾ, ಏನಂತ ಹೇಳ್ಲಿ, ನಾನು ಹೆಬ್ಬೆಟ್ಟು ಒತ್ತಿದಾಗ ಕಾಗ್ದ ಬೆಳ್ಳಗಿತ್ತು" ಎಂದ. "ಮೊದ್ಲು ನಾವು ಒತ್ತೋದು, ಆಮೇಲೆ ಅವ್ರು ಬರ್ಕೊಳ್ಳೋದು. ಎಪ್ಪುಡೂ, ಯಾವಾಗ್ಲೂ ಅಂಗೇ." ಅವನ ಮುಖದಲ್ಲಿ ಕಳ್ಳತನವೇನೂ ಇರಲಿಲ್ಲ. ಮಳೆ ಯಾವಾಗ ಬರುತ್ತದೆಂದು ಹೇಳುವವನ ಹಾಗೆ ಹೇಳಿದ.

ಅದಾದ ಮೇಲೆ ನಾನು ಮಗ್ಗದ ಗುಂಡಿಗೆ ಇಳಿಯುವುದನ್ನೇ ಬಿಟ್ಟಿದ್ದೆ. ಅವ್ವನ ತಮ್ಮ ಸಿದ್ದಣ್ಣ ಮಾವ ಬಂದು, "ಹಿಂಗೇ ಕುಂತ್ರೆ ನಿಂಗೂ ಮಣ್ಣು ಮುಚ್ಬೇಕಾಯ್ತದೆ, ಎದ್ದೇಳು, ಸಿಲೋನಿಗೆ ಹೋಗ್ಬರಾನ" ಎಂದ. ಸಿಲೋನಿನ ಚಹಾ ತೋಟಗಳಲ್ಲಿ ಆಳಿಗೊಂದು ಕಂಬಳಿ ಕೊಡುತ್ತಾರೆ. ನಮ್ಮ ಕಂಬಳಿಗಳು ಬೆಂಗಳೂರು ದಂಡಿನ ವರ್ತಕರ ಕೈದಾಟಿ ಅಲ್ಲಿಗೆ ಹೋಗುತ್ತಿದ್ದವು. ನಾವೇ ನೇರವಾಗಿ ಹೋಗಿ ಮಾದರಿ ತೋರಿಸಿ ಬರೋಣ ಎಂಬುದು ಮಾವನ ಲೆಕ್ಕಾಚಾರ. ದಂಡಿನ ಪೇಟೆಯಲ್ಲಿ ಓಡಾಡಿ ಇಬ್ಬರಿಗೂ ಅಂಗಡಿ ತಮಿಳು ಬರುತ್ತಿತ್ತು.

ಹೊರಡುವಾಗ ಅವ್ವ ಹುಷಾರು ಎನ್ನಲಿಲ್ಲ. "ಎಲ್ಲಾದ್ರೂ ಕೆಂಪು ಮೂಲೆ ಕಂಬ್ಳಿ ಹೊದ್ದೋರು ಕಂಡ್ರೆ ನೋಡು" ಎಂದಳು.

ಮಂಟಪಂ

ರಾಮೇಶ್ವರದ ದಾರಿಯಲ್ಲಿ ಮಂಟಪಂ ಎಂಬಲ್ಲಿ ಸಿಲೋನಿಗೆ ಹೋಗುವ ಬಡವರನ್ನೆಲ್ಲ ಇಳಿಸಿಕೊಳ್ಳುತ್ತಾರೆ. ಜಾಡ್ಯ ದ್ವೀಪಕ್ಕೆ ಹೋಗಬಾರದೆಂದು ಅಲ್ಲೊಂದು ದೊಡ್ಡ ಶಿಬಿರ. ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಾರೆ, ತೋಳಿಗೆ ಚುಚ್ಚುತ್ತಾರೆ, ಬಟ್ಟೆಬರೆಯನ್ನೆಲ್ಲ ಒಂದು ಕಬ್ಬಿಣದ ಗೂಡಿಗೆ ಹಾಕಿ ಆವಿ ಬಿಡುತ್ತಾರೆ.

ನಮ್ಮ ಮಾದರಿ ಕಂಬಳಿಗಳನ್ನೂ ಆ ಗೂಡಿಗೆ ಹಾಕಿದರು. ಮಾವ ಅಡ್ಡ ನಿಂತು ಕೂಗಾಡಿದ. "ಸ್ವಾಮೀ, ಗಂಜಿ ಬಿಟ್ಕತ್ತದೆ! ನಮ್ ಕಂಬ್ಳಿ ನಿಲ್ಸಿದ್ರೆ ಗೋಡೆ ಥರಾ ನಿಲ್ತದೆ, ಆವಿ ತಾಗಿದ್ರೆ ಮುದ್ದೆ ಆಗೋಯ್ತದೆ!" ಯಾರಿಗೆ ಅರ್ಥವಾಗಬೇಕು? ಗೂಡಿನಿಂದ ಬಂದ ಕಂಬಳಿಗಳನ್ನು ಮಾವ ಎತ್ತಿ ಹಿಡಿದ. ಮಳೆಗೆ ಸಿಕ್ಕ ಕುರಿಯ ಹಾಗೆ ಜೋತುಬಿದ್ದಿದ್ದವು. ಶಿಬಿರವೆಲ್ಲ ಬೇಯಿಸಿದ ಹುಣಸೆ ಬೀಜದ ವಾಸನೆ. ಪಕ್ಕದ ಸಾಲಿನ ಒಬ್ಬಳು ಮೂಗು ಮುಚ್ಚಿಕೊಂಡು ನಕ್ಕಳು. ಬೀರಣ್ಣ ಹೋದ ಮೇಲೆ ನನಗೂ ಮೊದಲ ಸಲ ನಗು ಬಂತು. ಆ ವಾಸನೆ ನಮ್ಮ ಬೀದಿಯದು ಎಂದು ಹೊಳೆದ ಕೂಡಲೇ ನಿಂತಿತು.

ಆ ದಿನವೇ ತೋಟಕ್ಕೆ ಹೋಗುವ ಒಬ್ಬ ಆಳು ಊಟವಾದ ಮೇಲೆ ವಾಂತಿ ಮಾಡಿಕೊಂಡ. ನಮ್ಮ ಜನ ಇದ್ದಿದ್ದರೆ ದೂರ ಓಡುತ್ತಿದ್ದರು. ಒಬ್ಬ ಡಾಕ್ಟರು ಬಂದರು. ಅವನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಏನು ತಿಂದೆ, ಯಾವಾಗಿನಿಂದ, ಎಷ್ಟು ಸಲ ಎಂದೆಲ್ಲ ಕೇಳಿದರು. ವಾಂತಿಯನ್ನು ಕೋಲಿನಿಂದ ಕೆದಕಿ ನೋಡಿದರು. ಕೊನೆಗೆ ಜೋರಾಗಿ ನಕ್ಕು, "ಒಣಮೀನು ಜಾಸ್ತಿಯಾಗಿದೆ, ಬೇರೇನೂ ಇಲ್ಲ" ಎಂದರು.

ಅವನು ಬದುಕಿದ್ದವನು. ಬದುಕಿದ್ದವನ ವಾಂತಿಯನ್ನೂ ಕೆದಕಿ ನೋಡಿ, ವಾಂತಿಭೇದಿ ಅಲ್ಲ ಎಂದು ಹೇಳುವವರು ಅಲ್ಲಿದ್ದರು. ನಮ್ಮ ಕಡೆ ಅದು ಗುಂಡಿ ಮುಚ್ಚಿದ ಮೇಲೆ ಬರೆಯುವ ಪದ. ಆ ಆಳು ಬಾಯಿ ಒರೆಸಿಕೊಂಡು ಮಲಗಿದ. ನಾನು ಅವನನ್ನು ನೋಡುತ್ತಾ ಕುಳಿತಿದ್ದೆ. ಅವನ ಮೇಲೆ ನನಗೆ ಒಳ್ಳೆಯ ಭಾವನೆ ಇರಲಿಲ್ಲ.

ಕೊಲಂಬೊ

ಸಮುದ್ರ ದಾಟಿದ್ದರ ಬಗ್ಗೆ ಬರೆಯುವಂಥದ್ದೇನಿಲ್ಲ. ಮಾವ ಕಣ್ಣು ಮುಚ್ಚಿಕೊಂಡು ಬೀರೇದೇವರನ್ನು ನೆನೆಯುತ್ತಿದ್ದ. ಕಣ್ಣು ಬಿಟ್ಟಾಗ ದಡ ಬಂದಿತ್ತು.

ಕೊಲಂಬೊದಲ್ಲಿ ವಯಸ್ಸಾದ ಗಂಡಸರು ತಲೆಗೆ ಬಾಚಣಿಗೆ ಮುಡಿಯುತ್ತಾರೆ. ಕೂದಲು ಹಿಂದಕ್ಕೆ ಬಾಚಿ, ಬಳೆಯಂಥ ಬಾಚಣಿಗೆ ಸಿಕ್ಕಿಸಿ, ಮೇಲೆ ಕೋಟು ಹಾಕಿ, ಕೆಳಗೆ ಪಂಚೆ ಉಟ್ಟು ಗಂಭೀರವಾಗಿ ನಡೆಯುತ್ತಾರೆ. "ಬಾಚ್ಕಂಡ್ ಮೇಲೆ ತೆಗೆಯಾದು ಮರ್ತವ್ರೆ ಕಣ್ಲಾ" ಎಂದು ಮಾವ ಮೊದಲ ದಿನವೆಲ್ಲ ನಕ್ಕ. ಅಂಗಡಿಗಳಲ್ಲಿ ಬಾಳೆಹಣ್ಣು ಗೊನೆಗೊನೆ ತೂಗುತ್ತಿತ್ತು. ಯಾರೂ ಅದನ್ನು ನೋಡುತ್ತಲೂ ಇರಲಿಲ್ಲ. ಅಷ್ಟು ನೀರು, ಅಷ್ಟು ಹಸಿರು, ಎಲ್ಲಿ ಕಾಲಿಟ್ಟರೂ ಒದ್ದೆ ಮಣ್ಣು. ಪಾವಗಡದ ಕಡೆ ಕೊಡ ನೀರಿಗೆ ಕಾದು ಕೂರುವ ಹೆಂಗಸರನ್ನು ಕಂಡವನಿಗೆ ಇದು ಅನ್ಯಾಯವೆನ್ನಿಸದೆ ಇರದು.

ಕಂಬಳಿ ತೋರಿಸಲು ಹೋದ ಒಬ್ಬ ವರ್ತಕನ ಮಂಡಿಯಲ್ಲಿ ಯಜಮಾನರು ಬರುವುದು ತಡವಾಗುತ್ತದೆಂದು ಅಲ್ಲಿಯ ತಮಿಳು ಗುಮಾಸ್ತ ನನ್ನನ್ನು ಹತ್ತಿರದ ಪೋಲೀಸ್ ಕೋರ್ಟಿಗೆ ಕರೆದುಕೊಂಡು ಹೋದ. ಅವನ ಪಾಲಿಗೆ ಅದು ನಾಟಕ ನೋಡಿದ ಹಾಗೆ, ದುಡ್ಡಿಲ್ಲದ ನಾಟಕ. ಆಗ ನಡೆಯುತ್ತಿದ್ದದ್ದು ಕೋಳಿ ಕದ್ದ ಮೊಕದ್ದಮೆ. ಕಟಕಟೆಯಲ್ಲಿ ನಿಂತವನು ಕೆಮ್ಮಿದಾಗ ಒಬ್ಬ ಜವಾನ ನೀರು ತಂದುಕೊಟ್ಟ. ನ್ಯಾಯಾಧೀಶರು ಪ್ರಶ್ನೆ ಹಾಕುತ್ತಿದ್ದರು, ಪೋಲೀಸಿನವನು ಸಾಕ್ಷಿ ಹೇಳುತ್ತಿದ್ದ.

"ಈಗ ಏನು ಕೇಳಿದರು?" ಎಂದು ಗುಮಾಸ್ತನನ್ನು ತಿವಿದೆ.

"ಕೋಳಿ ಇವನ ಚೀಲದಲ್ಲಿದ್ದದ್ದನ್ನು ನೀನೇ ಕಂಡೆಯಾ, ಯಾರಾದರೂ ಹೇಳಿದರಾ, ಅಂತ."

"ಅವನೇನಂದ?"

"ಕಂಡೆ ಅಂದ. ಚೀಲಕ್ಕೆ ಯಾವ ಬಣ್ಣ ಅಂತ ಕೇಳಿದರು. ನೋಡಿ, ಈಗ ಸುಮ್ಮನಾದ."

ಪೋಲೀಸಿನವನು ನಿಜವಾಗಿಯೂ ಸುಮ್ಮನೆ ನಿಂತಿದ್ದ. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಜನ ನಕ್ಕರು. ಅವನು ಯಾರನ್ನೂ ಹೊಡೆಯಲಿಲ್ಲ. ನಮ್ಮ ಕಡೆ ಕಚೇರಿಯ ಮುಂದಿನ ಮರದಡಿ ಸಾಕ್ಷಿಗಳಿಗೆ ಹಿಂದಿನ ದಿನವೇ ಪಾಠ ಮಾಡಿಸಿರುತ್ತಾರೆ. ಚೀಲದ ಬಣ್ಣ, ಕೋಳಿಯ ಬಣ್ಣ, ಎಲ್ಲ ಬಾಯಿಪಾಠ. ಅಲ್ಲಿ ಈ ಪ್ರಶ್ನೆಗೆ ಯಾರೂ ತಡವರಿಸುತ್ತಿರಲಿಲ್ಲ. ಒಂದು ಕೋಳಿಗಾಗಿ ಒಬ್ಬ ಪೋಲೀಸಿನವನು ಇಷ್ಟು ಜನರೆದುರು ಬೆವರುವುದನ್ನು ನೋಡಿ, ಆ ಕೋಳಿಯ ಮೇಲೂ ಹೊಟ್ಟೆ ಉರಿಯಿತು.

ಹೊರಗೆ ಬಂದು ಗುಮಾಸ್ತನಿಗೆ, "ನಿಮ್ಮ ದೇಶ ಪುಣ್ಯವಂತ ದೇಶ" ಎಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಅಯ್ಯಾ, ನೀವು ಒಂದು ದಿನ ನೋಡಿದ್ದೀರಿ. ನಾನು ದಿನಾ ಬರುತ್ತೇನೆ" ಎಂದ. ಹೆಚ್ಚು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಅದು ಬೇಕಾಗಿರಲಿಲ್ಲ.

ಚಹಾ ತೋಟ

ಬೆಟ್ಟದ ಮೇಲಿನ ತೋಟಕ್ಕೆ ನಾವು ಹತ್ತಿ ಹೋದದ್ದು ಕೆಟ್ಟ ದಿನ. ದಾರಿಯಲ್ಲಿ ಮಾವನ ಕಾಲಿಗೆ ಜಿಗಣೆ ಹತ್ತಿ, ಅವನು ಅದನ್ನು ಹಾವೆಂದು ತಿಳಿದು ಕಂಬಳಿ ಹೊರೆಯನ್ನು ಚರಂಡಿಗೆ ಎಸೆದಿದ್ದ. ಅದನ್ನು ಝಾಡಿಸಿಕೊಂಡು ಚಹಾ ಕಾರ್ಖಾನೆಯ ಮುಂದೆ ಹೋದರೆ ಯಾರಿಗೂ ನಮ್ಮ ಕಂಬಳಿ ನೋಡುವ ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಕಾರ್ಖಾನೆಯ ಕೆಳಗಿನ ಕಮರಿಯಲ್ಲಿ ಓಬುಲೇಸು ಎಂಬ ಒಬ್ಬ ಯುವಕ ಸತ್ತುಬಿದ್ದಿದ್ದ. ಸಾವಿನ ವಿಚಾರಣೆಗೆ ಅಧಿಕಾರಿ ಬರುತ್ತಿದ್ದಾರೆಂದು ತೋಟದ ಗುಮಾಸ್ತ ತಮಿಳಿನಲ್ಲಿ ಹೇಳಿದ.

ಮಾವನಿಗೆ ಅಷ್ಟು ಸಾಕಾಯಿತು. "ಲೇ, ಕಾಲ್ತೆಗಿ! ನಮ್ಮನ್ನ ಪಂಚರು ಮಾಡ್ಬುಡ್ತಾರೆ. ಈ ದೇಶದಾಗೂ ಕೋರ್ಟು ಅಲಿಯಾದು ನನ್ ಕೈಲಾಗಾಕಿಲ್ಲ" ಎಂದವನೇ ಹೊರೆ ಎತ್ತಿಕೊಂಡು ಸೌದೆ ರಾಶಿಯ ಹಿಂದೆ ಸೇರಿಬಿಟ್ಟ. ನಮ್ಮ ಊರುಗಳಲ್ಲಿ ಹೆಣ ಬಿದ್ದಿತೆಂದರೆ ಮೊದಲು ಬಾಗಿಲು ಹಾಕಿಕೊಳ್ಳುತ್ತೇವೆ. ಹೊಲಕ್ಕೆ ಹೋಗಿದ್ದಾನೆ, ನೆಂಟರ ಮನೆಗೆ ಹೋಗಿದ್ದಾನೆ ಎಂದು ಹೆಂಗಸರಿಂದ ಹೇಳಿಸುತ್ತೇವೆ. ಇಲ್ಲಿಯ ಆಳುಗಳು ಓಡಿಹೋಗದೆ ಒಬ್ಬರ ಹಿಂದೊಬ್ಬರು ಹತ್ತಿರ ಬಂದು ನಿಂತರು.

ಅಧಿಕಾರಿ ವಯಸ್ಸಾದ ಸಿಂಹಳದವರು, ತಲೆಯಲ್ಲಿ ಅದೇ ಬಾಚಣಿಗೆ, ಕೈಯಲ್ಲಿ ಕೊಡೆ. ಹಾಕಿದ್ದ ಕುರ್ಚಿಯಲ್ಲಿ ಕೂರದೆ ಮೊದಲು ಡಾಕ್ಟರ ಜೊತೆ ಹೆಣದ ಹತ್ತಿರ ಹೋದರು. ಹೊದಿಕೆ ತೆಗೆಸಿ, ಮಗ್ಗುಲು ತಿರುಗಿಸಿ, ಬೆನ್ನು ನೋಡಿದರು. ಸತ್ತವನ ತಾಯಿ ನಾಗಮ್ಮ ತಲೆಯ ಬಳಿ ಕುಳಿತಿದ್ದಳು. ಏಳು ಎಂದು ಯಾರೂ ಅವಳನ್ನು ಗದರಲಿಲ್ಲ. ಅವಳು ಮಗನ ಮುಖವನ್ನು ಸವರುತ್ತಿದ್ದಳು. ನಮ್ಮ ಅವ್ವನಿಗೆ ಸವರಲು ಸಿಕ್ಕಿದ್ದು ಕೆರೆ ಏರಿಯ ಕೆಳಗಿನ ಮಣ್ಣು.

ವಿಚಾರಣೆ ಅಲ್ಲೇ ತಡೆಯಿತು. ಅಧಿಕಾರಿಗೆ ತಮಿಳು ಬರುತ್ತಿತ್ತು, ನಾಗಮ್ಮನಿಗೆ ಬರುತ್ತಿರಲಿಲ್ಲ. ಅವಳು ಕದಿರಿ ಕಡೆಯವಳು, ಮಗ ಕರೆಸಿಕೊಂಡು ಇನ್ನೂ ಕೆಲವೇ ತಿಂಗಳಾಗಿದ್ದವು. ತೆಲುಗು ಬರುವವರು ಯಾರಾದರೂ ಇದ್ದಾರೆಯೇ ಎಂದು ಗುಮಾಸ್ತ ಕೂಗಿದ. ಸೌದೆ ರಾಶಿಯ ಹಿಂದಿನಿಂದ ಮಾವ, "ಬರಾಕಿಲ್ಲ ಅನ್ನು, ಬರಾಕಿಲ್ಲ ಅನ್ನು" ಎಂದು ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದ. ಪಾವಗಡದ ಸಂತೆಗಳಲ್ಲಿ ಓಡಾಡಿದವನಿಗೆ ತೆಲುಗು ಬರುವುದಿಲ್ಲವೆನ್ನಲು ಬಾಯಿ ಬರಲಿಲ್ಲ. ನಾನು ಮುಂದೆ ಹೋದೆ.

ಅಧಿಕಾರಿಯ ಮುಂದೆ ಮೇಜು, ಮೇಜಿನ ಮೇಲೆ ಬಿಳಿ ಕಾಗದ. ಹೆಸರು, ಊರು ಕೇಳಿದರು, ಹೇಳಿದೆ. ಆಮೇಲೆ ನಾನೇ ಕೇಳಿದೆ:

"ಎಲ್ಲಿ ರುಜು ಹಾಕಲಿ ಸ್ವಾಮಿ?"

"ಯಾವುದಕ್ಕೆ?"

"ಕಾಗದಕ್ಕೆ."

"ಅದರಲ್ಲಿ ಏನೂ ಇಲ್ಲವಲ್ಲ. ಅವಳು ಇನ್ನೂ ಬಾಯಿಯೇ ಬಿಟ್ಟಿಲ್ಲ."

"ಅದನ್ನು ಆಮೇಲೆ ಬರೆದುಕೊಳ್ಳಬಹುದು ಸ್ವಾಮಿ" ಎಂದೆ. ತಮಾಷೆ ಮಾಡುವ ಉದ್ದೇಶ ನನಗಿರಲಿಲ್ಲ. ಸರಿಯಾದ ಕ್ರಮ ಅದೇ ಎಂದು ನಾನು ತಿಳಿದಿದ್ದೆ. ಗುಮಾಸ್ತ ಕಿಸಕ್ಕನೆ ನಕ್ಕ.

ಅಧಿಕಾರಿ ನಗಲಿಲ್ಲ. ಕನ್ನಡಕ ತೆಗೆದು ನನ್ನನ್ನು ನೋಡಿ, "ನಿಮ್ಮ ಊರಿನಲ್ಲಿ ಹಾಗೆ ಮಾಡುತ್ತಾರೆಯೇ?" ಎಂದರು. ನಾನು ತಲೆ ತಗ್ಗಿಸಿದೆ. "ಇಲ್ಲಿ ರುಜು ಕೊನೆಗೆ. ಬರೆದದ್ದನ್ನು ಓದಿ ಹೇಳಿದ ಮೇಲೆ" ಎಂದರು.

ನಾಗಮ್ಮ ನಿಜ ಹೇಳುತ್ತೇನೆಂದು ಪ್ರಮಾಣ ಮಾಡಬೇಕೆಂದರು. ಅವಳು ಮಗನ ಕಂಬಳಿ ತರಿಸಿ ಎಂದಳು. ನಮ್ಮವರಲ್ಲೂ ಆ ಪದ್ಧತಿ ಇದೆ, ಕಂಬಳಿ ಹಾಸಿ ಅದರ ಮೇಲೆ ನಿಂತವರು ಸುಳ್ಳು ಹೇಳುವುದಿಲ್ಲ. ಅವಳ ಜನ, ನಮ್ಮ ಜನ ಒಂದೇ ಎಂದು ಆಗ ತಿಳಿಯಿತು. ಇದೆಲ್ಲ ಇಲ್ಲಿಯ ಕ್ರಮವಲ್ಲ ಎಂದು ಗುಮಾಸ್ತ ಗೊಣಗಿದ. ಅಧಿಕಾರಿ, "ತರಲಿ ಬಿಡು" ಎಂದರು.

ಅವಳ ಮನೆಯಿಂದ ಕಂಬಳಿ ತಂದು ಹುಲ್ಲಿನ ಮೇಲೆ ಹಾಸಿದರು. ಅದು ನಮ್ಮ ಕಡೆಯದೇ. ಎರಡು ಪಟ್ಟಿ ಜೋಡಿಸಿದ ನಡುವಿನ ಹೊಲಿಗೆ, ಅಂಚಿನ ಬಿಳಿ ಎಳೆ, ನೋಡಿದೊಡನೆ ತಿಳಿಯಿತು. ಎಲ್ಲರೂ ಅದರಲ್ಲಿ ಹೆಗಲಿಗೆ ಬರುವ ಕಡೆ ಒಣಗಿದ್ದ ರಕ್ತ ನೋಡುತ್ತಿದ್ದರು. ನಾನು ಮೂಲೆಗಳನ್ನು ನೋಡಿದೆ. ನಾಲ್ಕು ಮೂಲೆಯೂ ಕಪ್ಪಗೇ ಇದ್ದವು.

ಆಮೇಲೆ ಅಧಿಕಾರಿ ನನಗೆ ಹೇಳಿದರು: "ಮಗ ಹೇಗೆ ಸತ್ತನೆಂದು ಅವಳಿಗೆ ಅನ್ನಿಸುತ್ತದೆ, ಕೇಳು."

ನಾನು ಕೇಳಬೇಕಾಯಿತು. ನನ್ನ ಬಾಯಿಂದಲೇ, ಅವಳ ಮಾತಿನಲ್ಲಿ, "ನೀ ಕೊಡುಕು ಎಟ್ಲ ಸಚ್ಚಿಪೋಯಿನಾಡನಿ ನೀಕನಿಪಿಸ್ತುಂದಮ್ಮಾ?" ಎಂದು. ಒಂದೇ ಸಲಕ್ಕೆ ಹೇಳಲಾಗಲಿಲ್ಲ, ಮತ್ತೆ ಮೊದಲಿನಿಂದ ಹೇಳಿದೆ.

ಅವಳು ನನ್ನನ್ನೂ ಅಧಿಕಾರಿಯನ್ನೂ ನೋಡಿದಳು. "ನನ್ನಾ? ನನ್ನು ಅಡುಗುತಾಂಡಾರಾ?" ಎಂದಳು. ನನ್ನನ್ನೇ ಕೇಳುತ್ತಿದ್ದಾರಾ ಎಂದು.

ಹೌದಮ್ಮ, ನಿನ್ನನ್ನೇ ಎಂದೆ. ಆ ಗಳಿಗೆಯಲ್ಲಿ ಮಗನನ್ನು ಕಳೆದುಕೊಂಡ ಆ ಹೆಂಗಸಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದು ಹೇಗೆ ಬರೆಯಲಿ? ಅಲ್ಲಿ ನಿಂತು ಆ ಪ್ರಶ್ನೆ ಕೇಳಿಸಿಕೊಳ್ಳಬೇಕಾದವಳು ನಮ್ಮ ಅವ್ವ ಎಂದು ಅನ್ನಿಸಿತು. ಇವಳು ಯಾರೋ ಬಂದು ಅವ್ವನ ಜಾಗದಲ್ಲಿ ನಿಂತಿದ್ದಾಳೆ ಎನ್ನಿಸಿತು.

ಅವಳು ಹೇಳಿದಳು. ಹಿಂದಿನ ಸಂಜೆ ಕಂಗಾಣಿ, ಎಂದರೆ ಆಳುಗಳ ಮೇಸ್ತ್ರಿ, ಮಗನನ್ನು ಹೊಡೆದಿದ್ದ. ಅವನು ಊಟ ಮಾಡದೆ ಕಂಬಳಿ ಹೊದ್ದು ಮಲಗಿದ. ಬೆಳಿಗ್ಗೆ ಕೆಲಸಕ್ಕೆ ತಡವಾದರೆ ಮತ್ತೆ ಹೊಡೆದಾನೆಂದು ಕತ್ತಲಲ್ಲೇ ಎದ್ದು ತೂರಾಡುತ್ತಾ ಹೋದ. ಕಮರಿಯ ದಾರಿ ಜಾರುತ್ತದೆ. ಅವಳಿಗೆ ಗೊತ್ತಿದ್ದದ್ದು ಅಷ್ಟು. ಕಂಗಾಣಿಯನ್ನೂ ನಿಲ್ಲಿಸಿ ಕೇಳಿದರು. ಅವನು ಮೊದಲು ಮುಟ್ಟೇ ಇಲ್ಲವೆಂದ, ಆಮೇಲೆ ಕೈಯಲ್ಲಿ ಒಂದೇಟು ಎಂದ. ತಲೆಯ ಗಾಯ ಬಿದ್ದದ್ದರಿಂದ, ಹೆಗಲ ಮೇಲಿನದು ಅದಕ್ಕಿಂತ ಹಿಂದಿನದು ಎಂದು ಡಾಕ್ಟರು ಹೇಳಿದರು.

ಅವಳ ಹೇಳಿಕೆಯನ್ನು ಬರೆದು ಮುಗಿಸಿ ಅಧಿಕಾರಿ ತಮಿಳಿನಲ್ಲಿ ಓದಿದರು. ನಾನು ತೆಲುಗಿನಲ್ಲಿ ಹೇಳುತ್ತಾ ಬಂದೆ. ಕಂಗಾಣಿ ಹೊಡೆದ ಎಂಬಲ್ಲಿ ಅವಳು ತಡೆದು, "ಕಟ್ಟೆತೋ" ಎಂದಳು. ಕೋಲಿನಿಂದ. ಅಧಿಕಾರಿ ಆ ಸಾಲನ್ನು ಹೊಡೆದುಹಾಕಿ ಕೋಲಿನಿಂದ ಎಂದು ಸೇರಿಸಿ ಬರೆದರು. ಕೂಲಿ ಹೆಂಗಸಿನ ಒಂದು ಮಾತಿಗೆ ಸರಕಾರದ ಕಾಗದದಲ್ಲಿ ಒಂದು ಸಾಲು ಅಳಿಯಿತು. ಆಮೇಲೆ ಅವಳ ಹೆಬ್ಬೆಟ್ಟು, ಅದರ ಕೆಳಗೆ ನನ್ನ ರುಜು.

ಕೇಸಿಗೆ ಬೇಕೆಂದು ರಕ್ತವಿದ್ದ ಕಡೆ ಕಂಬಳಿಯನ್ನು ಕತ್ತರಿಸಲು ಒಬ್ಬ ಪೋಲೀಸಿನವನು ಕತ್ತರಿ ಹಾಕಿದ. ಸೌದೆ ರಾಶಿಯ ಹಿಂದಿನಿಂದ ಮಾವ ಓಡಿಬಂದ. "ಅಯ್ಯಯ್ಯೋ, ಅಂಗ್ ಕತ್ತರಿಸ್ಬ್ಯಾಡಪ್ಪೋ, ಎಳೆ ಎಲ್ಲಾ ಬಿಚ್ಕತ್ತದೆ!" ಪಂಚನಾಗುವ ಭಯ ಅವನಿಗೆ ಮರೆತೇ ಹೋಗಿತ್ತು. ಬೇಕಾದ ತುಂಡನ್ನು ತೆಗೆದುಕೊಟ್ಟು, ಅಲ್ಲೇ ಕುಳಿತು, ಹೊರೆಯ ದಬ್ಬಳ ತೆಗೆದು, ಕತ್ತರಿಸಿದ ಅಂಚನ್ನು ಸುತ್ತಿ ಹೊಲಿದ. ಅಧಿಕಾರಿ ತಾವು ಹೊರಡುವ ಮುಂಚೆ ಉಳಿದ ಕಂಬಳಿಯನ್ನು ನಾಗಮ್ಮನ ಕೈಗೆ ಕೊಡಿಸಿದರು.

ಎಲ್ಲರೂ ಹೋದ ಮೇಲೆ ತೋಟದ ಗುಮಾಸ್ತ ನನ್ನ ಹತ್ತಿರ ಬಂದ. "ಹೊಡೆದವನು ಕಂಗಾಣಿ. ತೋಟದ ದೊರೆಯೇ ಹೊಡೆದಿದ್ದರೆ ಈ ಕುರ್ಚಿ ಇಲ್ಲಿಗೆ ಬರುತ್ತಿತ್ತೋ ಇಲ್ಲವೋ" ಎಂದು ಮೆಲ್ಲಗೆ ಹೇಳಿದ. ಇರಬಹುದು. ಆ ಕಂಗಾಣಿಗೆ ಕೊನೆಗೆ ಏನಾಯಿತೆಂಬುದೂ ನನಗೆ ತಿಳಿಯದು. ನನ್ನ ಕಣ್ಣಿನಲ್ಲಿ ಇದ್ದದ್ದು ಕಂಬಳಿಯಲ್ಲಿ ಮುಖ ಹುದುಗಿಸಿ ಕುಳಿತಿದ್ದ ನಾಗಮ್ಮ ಮಾತ್ರ.

ಹತ್ತಿರ ಹೋದೆ. ಅವಳು ತಲೆಯೆತ್ತಿ, ಕೇಳಿದರೆ ಏನು ಬಂತು ನಾಯನಾ, ಅವನು ಬರುತ್ತಾನೆಯೇ ಎಂದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಅಷ್ಟೆಲ್ಲ ಸಿಕ್ಕಿದವಳು ಅದನ್ನು ಹಗುರಮಾಡಿ ಮಾತಾಡುತ್ತಿದ್ದಾಳೆ ಎನ್ನಿಸಿತು. "ನಿನಗೆ ಅಷ್ಟಾದರೂ ಸಿಕ್ಕಿತಲ್ಲಮ್ಮ" ಎಂದುಬಿಟ್ಟೆ. ದನಿ ಒರಟಾಗಿತ್ತು.

ಅವಳು ನನ್ನ ಮುಖ ನೋಡಿ, "ನೀಕೆವರು ಪೋಯಿನಾರು?" ಎಂದಳು. ನಿನಗೆ ಯಾರು ಹೋದರು?

"ತಮ್ಮುಡು" ಎಂದೆ.

"ಎಟ್ಲ?"

ಹೇಗೆ ಎಂದು ಕೇಳಿದಳು. ಬೀರಣ್ಣ ಸತ್ತ ಮೇಲೆ ನನ್ನನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಊರಿನವರು ಸಮಾಧಾನ ಹೇಳಿದ್ದರು, ಠಾಣೆಯವರು ಹೋಗಿ ಬಾ ಎಂದಿದ್ದರು. ಕೇಳಿದವಳು ಇವಳು. "ತೆಲೀದಮ್ಮಾ" ಎಂದೆ, ಗೊತ್ತಿಲ್ಲ ಎಂದು. ಅವಳು ಕಂಬಳಿಯನ್ನು ಸ್ವಲ್ಪ ಸರಿಸಿ ಪಕ್ಕದಲ್ಲಿ ಕೂರಲು ಜಾಗ ಮಾಡಿಕೊಟ್ಟಳು. ಕುಳಿತೆ. ಹೊಟ್ಟೆಕಿಚ್ಚು ಹೋಗಲಿಲ್ಲ. ಆದರೆ ಅಲ್ಲಿಂದ ಏಳಲೂ ಮನಸ್ಸಾಗಲಿಲ್ಲ.

ಮತ್ತೆ ಮಧುಗಿರಿ

ಮಂಟಪಂನಲ್ಲಿ ಗಂಜಿ ಕಳೆದುಕೊಂಡು ಮೆತ್ತಗಾದ ಕಂಬಳಿಯೇ ತೋಟದ ದೊರೆಗೆ ಹಿಡಿಸಿತು. ಇದೇ ಥರ ಮೆತ್ತಗಿರುವುದನ್ನು ಕಳಿಸಿ ಎಂದರು. "ಸಾಯಬೇಕು ಇಂಥ ದೊರೆ ಕೈಲಿ" ಎಂದು ಮಾವ ಬೈದುಕೊಂಡೇ ಒಪ್ಪಿಕೊಂಡ. ಈಗ ನಮ್ಮ ಕೇರಿಯಲ್ಲಿ ಸಿಲೋನಿಗೆ ಹೋಗುವ ಕಂಬಳಿಗೆ ಮೊದಲು ಗಂಜಿ ಹಾಕಿ ನೇಯುತ್ತೇವೆ, ಆಮೇಲೆ ಬಿಸಿನೀರಿನಲ್ಲಿ ಅದನ್ನು ಬಿಡಿಸುತ್ತೇವೆ.

ಮನೆಗೆ ಬಂದ ದಿನ ಅವ್ವ ಕಾಲಿಗೆ ನೀರು ಕೊಟ್ಟು, "ಕೆಂಪು ಮೂಲೆ ಕಂಡ್ಯಾ?" ಎಂದಳು.

"ಇಲ್ಲವ್ವ."

ಊಟವಾದ ಮೇಲೆ ನಾಗಮ್ಮನ ವಿಷಯ ಹೇಳಿದೆ. ಹೆಣ ಸವರಿದ್ದು, ಕಂಬಳಿ ಹಾಸಿದ್ದು, ಸಾಲು ಹೊಡೆದುಹಾಕಿದ್ದು, ಎಲ್ಲ. ಅವ್ವ ನೂಲುತ್ತಿದ್ದ ಕದುರು ನಿಲ್ಲಿಸಿ ಕೇಳುತ್ತಿದ್ದಳು.

"ಅವ್ಳಿಗೆ ಕಂಬ್ಳಿ ಕೊಟ್ರಾ?"

"ಕೊಟ್ರು. ಒಂದು ತುಂಡು ಕತ್ತರಿಸ್ಕಂಡು."

"ತುಂಡು ಹೋದ್ರೆ ಹೋಗ್ಲಿ" ಎಂದಳು. ಕದುರನ್ನು ಪಕ್ಕಕ್ಕಿಟ್ಟು, "ಅವ್ಳನ್ನ ಏನಂತ ಕೇಳಿದ್ರು? ಅಂಗೇ ಹೇಳು ಇನ್ನೊಂದ್ ಸಲ" ಎಂದಳು.

"ನಿನ್ ಮಗ ಹೆಂಗೆ ಸತ್ತ ಅಂತ ನಿಂಗೆ ಅನ್ಸುತ್ತೆ, ಅಂತ."

ಅವಳು ಬಾಯಿ ತೆರೆದಳು. ಹೇಳಿಯೇಬಿಡುತ್ತಾಳೆ ಎಂದುಕೊಂಡೆ. ಆಮೇಲೆ ತಲೆಯಾಡಿಸಿದಳು. "ನೀನ್ ಕೇಳಿದ್ರೆ ಆಗಾಕಿಲ್ಲ ಕಣಪ್ಪಾ. ಕೇಳ್ಬೇಕಾದೋರು ಕೇಳ್ಬೇಕು. ಅವ್ರು ಕೇಳ್ಲಿ, ಹೇಳ್ತೀನಿ."

ಅವರು ಕೇಳಲಿ ಎಂದು ನಾನು ಅರ್ಜಿ ಬರೆದೆ. ಸಿಲೋನಿನಲ್ಲಿ ಕಂಡಂತೆ, ನಡೆದದ್ದನ್ನೆಲ್ಲ ಬರೆದು, ಅವ್ವನಿಗೆ ಓದಿ ಹೇಳಿ, ಕೊನೆಯಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿದೆ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಗುಮಾಸ್ತ ಅದನ್ನು ಕಾಗದ ಪೋಣಿಸುವ ಕಬ್ಬಿಣದ ಕಡ್ಡಿಗೆ ಚುಚ್ಚಿದ. ಅದರ ಮೇಲೆ ಬೇರೆ ಅರ್ಜಿಗಳು ಬಿದ್ದವು. ಪಾವಗಡದ ಸಂತೆಗಳಿಗೆ ಈಗ ಮತ್ತೆ ನಾನೇ ಹೋಗುತ್ತೇನೆ. ಯಾರಾದರೂ ಕಂಬಳಿ ಹೊದ್ದು ಎದುರಾದರೆ ಮುಖಕ್ಕಿಂತ ಮೊದಲು ಮೂಲೆ ನೋಡುತ್ತೇನೆ.

ಅವ್ವನನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ. ಬೀರಣ್ಣನ ಕಂಬಳಿಯೂ ಸಿಕ್ಕಿಲ್ಲ. ಮರಿ ಉಣ್ಣೆಯದು, ಕಪ್ಪು, ಒಂದು ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಇದೆ.